ಎಮ್ಮೆಗೆ ಸೇರಿಸದ ಲಕ್ಷ

ನಮ್ಮ ಆಸ್ಪತ್ರೆಗೆ ಒಂದೇ ಸೂರು, ಎರಡು ಬಾಗಿಲು. ಎಡಗಡೆ ಬಾಗಿಲಲ್ಲಿ ಮನುಷ್ಯರು, ಬಲಗಡೆ ಬಾಗಿಲಲ್ಲಿ ದನಕರು. ನಡುವೆ ಒಂದು ಗೋಡೆ. ಕಟ್ಟಿಸಿದವರು ಕೈ ಬಿಗಿ ಹಿಡಿದಿದ್ದರಿಂದ ಗೋಡೆ ತೆಳ್ಳಗಿದೆ. ಈ ಕಡೆ ಒಬ್ಬರು ನಾಲಿಗೆ ಚಾಚಿ "ಆ" ಅಂದರೆ ಆ ಕಡೆಯಿಂದ "ಅಂಬಾ" ಎಂದು ಉತ್ತರ ಬರುತ್ತದೆ. ನಾನು ಎಡಗಡೆಯ ಕಂಪೌಂಡರು. ಇಪ್ಪತ್ತೆರಡು ವರ್ಷದಿಂದ ಮಾತ್ರೆ ಎಣಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಬಾಗಿಲು ತಪ್ಪಿ ಈ ಕಡೆ ಬಂದ ಕರುಗಳಿಗಿಂತ ಬಾಗಿಲು ತಪ್ಪಿ ಆ ಕಡೆ ಹೋದ ಮನುಷ್ಯರೇ ಹೆಚ್ಚು ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಎಡಗಡೆ ಬಾಗಿಲಿನ ಪಕ್ಕಕ್ಕೆ ಒಂದು ಕಿಟಕಿ. ಕಿಟಕಿಯ ಹಿಂದೆ ಚೀಟಿಮಾವ. ಬಂದವರಿಗೆ ನಂಬರು ಹಾಕಿ ಚೀಟಿ ಕೊಡುವುದು, ಹಿಂದಿನ ಕೋಣೆಯ ಆರು ಬೀರುಗಳಿಂದ ಅವರ ಫೈಲು ತೆಗೆದು ಡಾಕ್ಟರ ಮೇಜಿಗೆ ಇಡುವುದು, ಮತ್ತೆ ಅದೇ ಜಾಗಕ್ಕೆ ಸೇರಿಸುವುದು ಅವರ ಕೆಲಸ. ಮೂವತ್ತು ವರ್ಷ ಇದನ್ನೇ ಮಾಡಿ ಊರಿಗೆಲ್ಲ ಮಾವ ಆಗಿದ್ದರು. ಅವರಿಗೆ ಮೂರು ನಿಯಮಗಳಿದ್ದವು. ಸರ್ಕಾರ ಮಾಡಿದ ನಿಯಮಗಳೋ ಅವರೇ ಮಾಡಿಕೊಂಡವೋ, ಯಾರೂ ಕೇಳಿರಲಿಲ್ಲ.

"ಫೈಲು ಈ ಹೊಸಿಲು ದಾಟೋ ಹಾಗಿಲ್ಲ. ಅದು ಒಂದು. ಇನ್ನೊಬ್ಬರ ಫೈಲು ತೆಗೆದು ಓದೋ ಹಾಗಿಲ್ಲ, ಬೆನ್ನಿನ ಮೇಲಿನ ನಂಬರು ನೋಡಬೇಕು, ಇಡಬೇಕು. ಅದು ಎರಡು. ಸತ್ತವರ ನಂಬರು ಮತ್ತೊಬ್ಬರಿಗೆ ಕೊಡೋ ಹಾಗಿಲ್ಲ. ಅದೇನು ಬಸ್ಸಿನ ಸೀಟಾ, ಒಬ್ಬರು ಇಳಿದ ತಕ್ಷಣ ಇನ್ನೊಬ್ಬರು ಕೂರೋಕೆ?"

ಬಸ್ಸಿನ ಮಾತು ಅವರ ಬಾಯಿಗೆ ಸುಮ್ಮನೆ ಬರುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಬಸ್ಸಿನಲ್ಲಿ ಕಂಡಕ್ಟರು. ದಿನಾ ಮಧ್ಯಾಹ್ನ ಅವಳ ಬಸ್ಸು ಆಸ್ಪತ್ರೆಯ ಎದುರಿಗೇ ಹತ್ತು ನಿಮಿಷ ನಿಲ್ಲುತ್ತಿತ್ತು. ಅವಳು ಇಳಿದು ಬಂದು ಕಿಟಕಿಯಲ್ಲಿ "ಊಟ ಆಯ್ತಾ ಅಪ್ಪ?" ಎಂದು ಕೇಳುವಳು. ಇವರು "ಆಯ್ತು" ಅನ್ನುವರು. ಎಷ್ಟೋ ದಿನ ಆಗಿರುತ್ತಿರಲಿಲ್ಲ.

ಮಾವನ ಹೆಂಡತಿಯನ್ನು ನಾವೆಲ್ಲ ಅತ್ತೆ ಅನ್ನುತ್ತಿದ್ದೆವು. ಎದೆಯ ಕಾಯಿಲೆಯಲ್ಲಿ ತೀರಿಕೊಂಡು ಎರಡು ವರ್ಷ ಆಗಿತ್ತು. ಅವರ ನಂಬರು ನಾನೂರ ಹದಿನೇಳು. ಆಗ ಇದ್ದ ಹಳೇ ಡಾಕ್ಟರು ಅವರಿಗೆ, "ದಿನಾ ಹೇಗಿರುತ್ತೆ ಅಂತ ಒಂದೊಂದು ಸಾಲು ಬರೆದು ತನ್ನಿ" ಅಂದಿದ್ದರು. ಅತ್ತೆ ಹನ್ನೊಂದು ತಿಂಗಳು ಬರೆದರು. ವಾರಕ್ಕೊಮ್ಮೆ ಆ ಹಾಳೆ ತಂದು, ಸಾಲಿನಲ್ಲಿ ನಿಂತು, ಗಂಡನ ಕೈಗೇ ಕಿಟಕಿಯಲ್ಲಿ ಕೊಡುತ್ತಿದ್ದರು. ಮಾವ ಅದನ್ನು ಮಡಿಚಿದ್ದು ಮಡಿಚಿದ ಹಾಗೇ ಫೈಲಿಗೆ ಸೇರಿಸುತ್ತಿದ್ದರು. ಎರಡನೇ ನಿಯಮ.

ಅತ್ತೆ ಹೋದ ಮೇಲೆ ಮಾವ ಊಟದ ಹೊತ್ತಿನಲ್ಲಿ ಹಿಂದಿನ ಕೋಣೆಗೆ ಹೋಗಿ ಅರ್ಧ ಗಂಟೆ ಬಾಗಿಲು ಹಾಕಿಕೊಳ್ಳತೊಡಗಿದರು. ಕೇಳಿದರೆ "ಧೂಳು ಹೊಡೀತಿದ್ದೆ" ಅನ್ನುವರು. ಒಂದು ದಿನ ನಾನು ಬಾಗಿಲು ತಳ್ಳಿದಾಗ ನಾನೂರ ಹದಿನೇಳು ಅವರ ತೊಡೆಯ ಮೇಲಿತ್ತು. ಪರ್ಸು ಕದ್ದು ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು.

"ನಿಯಮ ಮುರಿದೆ ಕಂಪೌಂಡರೇ."

"ಅಯ್ಯೋ, ಮನೆಗೇ ತಗೊಂಡು ಹೋಗಿ ಮಾವ. ಯಾರು ಕೇಳ್ತಾರೆ?"

"ಹೊಸಿಲು ದಾಟೋ ಹಾಗಿಲ್ಲ," ಅಂದರು. ಒಂದು ನಿಯಮ ಮುರಿದವರು ಇನ್ನೊಂದನ್ನೂ ಮುರಿಯಲು ಸಿದ್ಧರಿರಲಿಲ್ಲ. ಏನು ಬರೆದಿದ್ದಾರೆ ಅಂತ ಕೇಳಿದೆ. "ಡಾಕ್ಟರು ಕೆಮ್ಮಿನ ವಿಷಯ ಬರಿ ಅಂದರೆ ಇವಳು ಕೋಳಿ ಮೊಟ್ಟೆ ವಿಷಯ ಬರೆದಿದ್ದಾಳೆ" ಅಂದರು. ನಕ್ಕರು. ಆಮೇಲೆ ಫೈಲಿನ ದಾರವನ್ನು ಬಹಳ ಹೊತ್ತು ಕಟ್ಟಿದರು.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಕಾಗದ ಇನ್ನು ಮುಂದೆ ಇರುವುದಿಲ್ಲ. ಎಡಗಡೆಯದೂ ಬಲಗಡೆಯದೂ ಎಲ್ಲ ಫೈಲುಗಳ ಚಿತ್ರ ತೆಗೆದು ಒಂದೇ ಕಂಪ್ಯೂಟರಿಗೆ ಸೇರಿಸಬೇಕು. ಕಾಗದವನ್ನು ಲಾರಿಗೆ ಹಾಕಿ ಕಳಿಸಬೇಕು. ಕೆಲಸಕ್ಕೆ ಒಬ್ಬ ಹುಡುಗಿಯನ್ನು ಕಳಿಸಿದ್ದರು. ತೆಳ್ಳಗೆ, ದಪ್ಪ ಕನ್ನಡಕ, ಮಾತಿಗೆ ಮುಂಚೆ ನಗುವ ಸ್ವಭಾವ. ಮೂರು ವಾರ ಕೂತು ಅಷ್ಟೂ ಹಾಳೆಗಳ ಚಿತ್ರ ತೆಗೆದಳು. ಮಾವ ಒಂದೊಂದೇ ಫೈಲು ಎತ್ತಿ ಕೊಡುತ್ತಿದ್ದರು, ಕೂಸು ಕೊಡುವವರ ಹಾಗೆ, ತಲೆಗೆ ಕೈ ಕೊಟ್ಟು.

"ನೋಡಿ ಸಾರ್," ಅಂತ ಅವಳು ಪರದೆ ತೋರಿಸಿದಳು. "ಇಲ್ಲಿ ಒಂದೇ ಬೀರು ಕಾಣುತ್ತೆ. ಆದರೆ ಅಂಥ ಬೀರು ನಿಜವಾಗಿ ಇಲ್ಲ."

"ಇಲ್ಲದ ಬೀರಿಗೆ ಬೀಗ ಎಲ್ಲಿ ಹಾಕೋದಮ್ಮ?"

"ಒಳಗೆ ಇರೋದು ಎರಡು ಪೆಟ್ಟಿಗೆ ಸಾರ್. ಒಂದು ದನದ್ದು, ಒಂದು ಮನುಷ್ಯರದ್ದು. ಈ ಇಲ್ಲದ ಬೀರು ಎರಡನ್ನೂ ಸೇರಿಸಿ ಒಂದೇ ಥರ ತೋರಿಸುತ್ತೆ, ಅಷ್ಟೆ. ಇದಕ್ಕೆ ಹೆಸರು ಲೆಕ್ಕಕ್ಕಿಲ್ಲ. ಹೆಸರು ಅಂದರೆ ಮೇಲೆ ಅಂಟಿಸಿದ ಚೀಟಿ. ನಂಬರೇ ಫೈಲು. ಒಂದೇ ಫೈಲಿಗೆ ಎರಡು ಹೆಸರಿನ ಚೀಟಿ ಅಂಟಿಸಿದರೂ ಇದು ಬೇಡ ಅನ್ನಲ್ಲ, ನಂಬರು ಒಂದೇ ಆದರೆ ಫೈಲೂ ಒಂದೇ ಅಂತ ತಿಳಿಯುತ್ತೆ."

ಮಾವನ ಮುಖ ಅರಳಿತು. "ಕೇಳಿದಿರಾ ಕಂಪೌಂಡರೇ! ಮೂವತ್ತು ವರ್ಷದಿಂದ ಈ ಕಿಟಕೀಲಿ ನಾನು ಬಡ್ಕೊಂಡಿದ್ದು ಇದನ್ನೇ. ಹೆಸರು ಹೇಳಬೇಡಿ, ನಂಬರು ಹೇಳಿ ಅಂತ!"

"ಆದರೆ ಆ ನಂಬರುಗಳನ್ನೆಲ್ಲ ಈಗ ಯಂತ್ರವೇ ಕೊಡುತ್ತೆ ಸಾರ್."

ಅರಳಿದ ಮುಖ ಮುದುಡಿತು. "ಯಂತ್ರಕ್ಕೆ ಊರಿನವರ ಪರಿಚಯ ಇದೆಯಾ?"

ಎರಡು ದಿನ ಅವರು ಸರಿಯಾಗಿ ಮಾತಾಡಲಿಲ್ಲ. ಕಡೆಗೆ ಹುಡುಗಿ ಸೋತಳು. ಹಳೇ ನಂಬರುಗಳನ್ನೇ ಇಡೋಣ, ನೀವೇ ಕೂತು ಒಂದೊಂದಾಗಿ ಹಾಕಿ ಅಂದಳು. ಅವಳಿಗೆ ಪಕ್ಕದ ಊರಿನ ಆಸ್ಪತ್ರೆಯಲ್ಲೂ ಇದೇ ಕೆಲಸ ಇತ್ತು. ಹೋಗುವಾಗ ಒಂದು ಕಾಗದದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಳು: "ದನದ ಕಡೆಯ ನಂಬರುಗಳೂ ಒಂದರಿಂದಲೇ ಶುರುವಾಗುತ್ತವೆ. ಆದ್ದರಿಂದ ಅವಕ್ಕೆಲ್ಲ ಒಂದು ಲಕ್ಷ ಸೇರಿಸಿ ಹಾಕಿ. ಮರೆಯಬೇಡಿ."

ಮಾವ ಮರೆಯಲಿಲ್ಲ. ಮರೆತಿದ್ದರೆ ಈ ಕಥೆಯಲ್ಲಿ ಅವರದು ತಪ್ಪೇ ಇರುತ್ತಿರಲಿಲ್ಲ. ಅವರು ಆ ಕಾಗದ ಹಿಡಿದು ನನ್ನ ಮಾತ್ರೆ ಡಬ್ಬಿಗಳ ಹತ್ತಿರ ಬಂದು ನಿಂತರು.

"ಕಂಪೌಂಡರೇ, ಒಂದು ನ್ಯಾಯ ಹೇಳಿ. ಬುಟ್ಟಿಯಮ್ಮನ ಬೂದು ಎಮ್ಮೆಗೆ ಒಂದು ಲಕ್ಷದ ನಾನೂರ ಹದಿನೇಳು. ನನ್ನ ಹೆಂಡತಿಗೆ ಬರೀ ನಾನೂರ ಹದಿನೇಳು. ನಾಳೆ ಜನ ಇದನ್ನ ನೋಡಿದರೆ ಏನಂದಾರು? ದನಕ್ಕೆ ಲಕ್ಷ, ಮನುಷ್ಯರಿಗೆ ನೂರು ಅಂದರೆ ಮರ್ಯಾದೆಯಾ?"

ನಾನು ಕೆಮ್ಮಿನ ಮಾತ್ರೆ ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು. ಕಾಟ ಕಳೆದರೆ ಸಾಕು ಅಂತ, "ಬಿಡಿ ಮಾವ, ಎಮ್ಮೆ ಕಡೆಯವರು ಬಂದು ಕೇಳ್ತಾರಾ? ಲಕ್ಷ ಇಲ್ಲದಿದ್ದರೆ ಅದೇನು ಹಾಲು ಕಡಿಮೆ ಕೊಡುತ್ತಾ?" ಅಂದೆ.

"ಸರಿಯಾಗಿ ಹೇಳಿದಿರಿ," ಅಂದರು ಮಾವ.

ಹೀಗೆ ಸಾವಿರದ ಇನ್ನೂರು ದನಗಳಿಗೂ ಲಕ್ಷ ಇಲ್ಲದೆ ನಂಬರು ಬಿತ್ತು. ಮೊದಲ ಸಾವಿರದ ಇನ್ನೂರು ಮನುಷ್ಯರಿಗೂ, ಅಂದರೆ ಊರಿನ ಹಿರೀಕರಿಗೆಲ್ಲ, ಅವೇ ನಂಬರು ಬಿದ್ದವು. ಯಂತ್ರ ತುಟಿಪಿಟಕ್ ಅನ್ನಲಿಲ್ಲ. ಶುಕ್ರವಾರ ಲಾರಿ ಬಂದು ಆರು ಬೀರಿನ ಕಾಗದ ತುಂಬಿಕೊಂಡು ಹೋಯಿತು. ಶನಿವಾರ ಮೇಲಿನ ಕಚೇರಿಯವರು ತಮ್ಮ ದೊಡ್ಡ ಯಂತ್ರಕ್ಕೆ ಎಲ್ಲವನ್ನೂ ನಕಲು ಮಾಡಿಕೊಂಡು, ನಮ್ಮ ಪೆಟ್ಟಿಗೆಗಳನ್ನು ಒರೆಸಿ ಶುದ್ಧ ಮಾಡಿದರು. ಇನ್ನು ಮುಂದೆ ಅಲ್ಲಿಂದಲೇ ನೋಡಬೇಕು ಅಂದರು.

ಸೋಮವಾರ ಬೆಳಿಗ್ಗೆ ಹೊಸ ಡಾಕ್ಟರಮ್ಮ ಬಂದು ಕೂತರು. ಅವರು ಬಂದು ಇನ್ನೂ ವಾರ ಆಗಿರಲಿಲ್ಲ. ಊರಿನ ಜನಕ್ಕಿಂತ ಪರದೆಯ ಮೇಲೆ ಅವರಿಗೆ ಹೆಚ್ಚು ನಂಬಿಕೆ. ಮೊದಲು ಹೋದವನು ಕಮ್ಮಾರ.

"ಹೋದ ಬೇಸಿಗೆಯಲ್ಲಿ ಕಿತ್ತುಕೊಂಡು ಓಡಿಹೋಗಿದ್ರಂತೆ?" ಡಾಕ್ಟರಮ್ಮ ಪರದೆ ನೋಡುತ್ತ ಕೇಳಿದರು.

ಕಮ್ಮಾರ ಬೆವೆತ. "ಅದೂ ಬರೆದಿದೆಯಾ? ಮೂರು ದಿನ ಅಷ್ಟೇ ಅಮ್ಮ. ಮನೇಲಿ ಸ್ವಲ್ಪ ಮಾತು ಬೆಳೆದಿತ್ತು."

"ಹುಡುಕಿ ತಂದು ಕಟ್ಟಿಹಾಕಿದರು ಅಂತಿದೆ."

"ಅವಳ ಅಣ್ಣಂದಿರು. ಒಳ್ಳೇ ಮಾತಲ್ಲೇ ಕರ್ಕೊಂಡು ಬಂದರು."

"ಈಗ ಮೇವು ಸರಿಯಾಗಿ ತಿಂತೀರಾ?"

"ಮೇವಾ?"

"ಹಾಗೇ ಬರೆದಿದೆ."

ಕಮ್ಮಾರ ನಿಟ್ಟುಸಿರು ಬಿಟ್ಟ. "ಸರಿಯಾಗೇ ಬರೆದಿದ್ದಾರೆ ಬಿಡಿ. ಅವಳು ಅಡುಗೆ ಅಂತ ಮಾಡೋದು ಅದನ್ನೇ."

ಹೀಗಾಗಿ ಮೊದಲ ರೋಗಿಯಲ್ಲಿ ತಪ್ಪು ಗೊತ್ತಾಗಲಿಲ್ಲ. ಎರಡನೆಯವರು ಶಾಲೆಯ ಹೆಡ್ ಮೇಡಂ. ಡಾಕ್ಟರಮ್ಮ ಬೆನ್ನು ಪರೀಕ್ಷೆ ಮಾಡಲು ಎದ್ದವರು ಪರದೆ ನೋಡಿ ತಟ್ಟನೆ ಮುಂದಿನಿಂದ ಬಂದರು. "ಹಿಂದಿನಿಂದ ಹೋಗಬಾರದು, ಒದೆಯುತ್ತದೆ ಅಂತಿದೆ" ಅಂದರು. ಸಾಲಿನಲ್ಲಿದ್ದ ಹಳೇ ವಿದ್ಯಾರ್ಥಿಗಳು ಒಕ್ಕೊರಲಿನಿಂದ "ನಿಜ" ಅಂದರು. ಮೂರನೆಯವರು ಊರಿನ ಅಧ್ಯಕ್ಷರು. ಅವರಿಗೆ ಎರಡನೇ ವಯಸ್ಸಿನಲ್ಲೇ ಬೀಜ ಒಡೆಸಲಾಗಿದೆ ಎಂದು ಡಾಕ್ಟರಮ್ಮ ಅನುಕಂಪದಿಂದ ಓದಿದರು.

"ಆರು ಮಕ್ಕಳಿದ್ದಾರೆ ನನಗೆ!" ಅಧ್ಯಕ್ಷರ ಕೂಗಿಗೆ ಗೋಡೆಯಾಚೆಯ ಹೋರಿಯೊಂದು ದನಿಗೂಡಿಸಿತು. "ಆರು!"

ಅವರ ಹೆಂಡತಿ ಬೆಂಚಿನ ಮೇಲಿಂದಲೇ ಹೇಳಿದರು: "ಯಂತ್ರ ಹೇಳಿದ್ದನ್ನ ಒಪ್ಪಿಕೊಂಡುಬಿಡಿ. ಏಳನೆಯದಾದರೂ ತಪ್ಪಲಿ."

ಮಧ್ಯಾಹ್ನದ ಹೊತ್ತಿಗೆ ಕಾಯಿಲೆ ಇಲ್ಲದವರೂ ಬಂದು ಸಾಲು ನಿಂತರು. ತಮ್ಮ ಕೊಂಬು ಯಾವಾಗ ಕೊಯ್ದರು, ಹಾಲು ಎಷ್ಟು ಲೀಟರು, ಎಲ್ಲವನ್ನೂ ಓದಿಸಿಕೊಂಡು ಹೋಗುತ್ತಿದ್ದರು. ನಲವತ್ತು ದಾಟಿದರೂ ಮದುವೆಯಾಗದ ದರ್ಜಿಯ ಫೈಲಿನಲ್ಲಿ "ತಳಿ ಉತ್ತಮ, ಹಲ್ಲು ಗಟ್ಟಿ, ಸೌಮ್ಯ, ನೊಗಕ್ಕೆ ಪಳಗಿದೆ" ಎಂದಿತ್ತು. ಅವನು ಕೈಮುಗಿದ. "ದಯವಿಟ್ಟು ಇದನ್ನ ತಿದ್ದಬೇಡಿ. ಸಹಿ ಹಾಕಿ ಒಂದು ಪ್ರತಿ ಕೊಡಿ. ಹೆಣ್ಣಿನ ಕಡೆಯವರಿಗೆ ತೋರಿಸ್ತೀನಿ."

ಇಡೀ ಆಸ್ಪತ್ರೆ ನಗುತ್ತಿತ್ತು. ನಾನೂ ನಕ್ಕೆ. ನಕ್ಕು ಕಣ್ಣೊರೆಸಿಕೊಂಡು ತಿರುಗಿದಾಗ ಕಿಟಕಿಯ ಹಿಂದೆ ಕುರ್ಚಿ ಖಾಲಿ ಇತ್ತು.

ಮಾವ ಹಿಂದಿನ ಕೋಣೆಯಲ್ಲಿದ್ದರು. ಬೀರುಗಳ ಬಾಗಿಲು ತೆರೆದುಕೊಂಡು ಒಳಗೆಲ್ಲ ಬರಿದು. ಹೊಸ ಯಂತ್ರದ ಮುಂದೆ ಕೂತು, ಒಂದೇ ಬೆರಳಿನಿಂದ ಅತ್ತೆಯ ಹೆಸರು ಒತ್ತಿದರು. ನಾನೂರ ಹದಿನೇಳು ತೆರೆಯಿತು. ಮೇಲೆ ಅತ್ತೆಯ ಹೆಸರು. ಕೆಳಗೆ ಪಕ್ಕದ ಬಾಗಿಲಿನ ಡಾಕ್ಟರ ದೊರಗು ಅಕ್ಷರ:

"ಬೂದು ಎಮ್ಮೆ. ಕರು ಸತ್ತಿದೆ. ಮೇವು ಬಿಟ್ಟಿದೆ. ಹಾಲು ಇಳಿಸುತ್ತಿಲ್ಲ. ಸುಮ್ಮನೆ ಬಾಗಿಲ ಕಡೆ ನೋಡುತ್ತದೆ. ಇದಕ್ಕೆ ಔಷಧ ಇಲ್ಲ. ಸಮಾಧಾನ ಹೇಳಿ ಕಳಿಸಿದೆ."

ಮಾವ ಅದನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೆಳಗೆ ಇನ್ನೇನಾದರೂ ಇದೆಯೇ ಎಂದು ಕೀಲಿ ಒತ್ತುತ್ತಲೇ ಇದ್ದರು. ಇರಲಿಲ್ಲ.

ಬುಧವಾರ ವಿಚಾರಣೆಗೆ ಸಾಹೇಬರು ಬಂದರು. ಹುಡುಗಿಯನ್ನೂ ಕರೆಸಿದ್ದರು. ಅವಳ ಕನ್ನಡಕ ಮಂಜಾಗಿತ್ತು.

"ಒಂದು ಲಕ್ಷ ಸೇರಿಸಿ ಅಂತ ಬರೆದು ಕೊಟ್ಟಿದ್ದೆ ಸಾರ್. ನಕಲು ಮಾಡೋ ಯಂತ್ರ ಅಕಾರಾದಿ ಹಿಡಿದು ಹೋಗುತ್ತೆ, ಮೊದಲು ದನದ ಪೆಟ್ಟಿಗೆ. ಅಲ್ಲಿ ನಾನೂರ ಹದಿನೇಳು ಸಿಕ್ಕಿತು, ಇಟ್ಟುಕೊಂಡಿತು. ಆಮೇಲೆ ಮನುಷ್ಯರ ಪೆಟ್ಟಿಗೇಲೂ ಅದೇ ನಂಬರು ಸಿಕ್ಕಿತು. ಇದು ಆಗಲೇ ಬಂದಿರೋ ಫೈಲು, ಇದಕ್ಕೆ ಇನ್ನೊಂದು ಹೆಸರು ಅಷ್ಟೆ ಅಂದುಕೊಂಡು, ಹೆಸರಿನ ಚೀಟಿ ಮಾತ್ರ ತಗೊಂಡು ಫೈಲು ಬಿಟ್ಟುಬಿಟ್ಟಿತು."

"ಹಾಗಾದರೆ ಬಿಟ್ಟದ್ದು ಎಲ್ಲಿದೆ?"

"ಆ ಪೆಟ್ಟಿಗೆ ಒರೆಸಿಬಿಟ್ಟಿದ್ದಾರೆ ಸಾರ್."

ಸಾಹೇಬರು ಅವಳ ಮೇಲೇ ತಪ್ಪು ಹೊರಿಸುವ ಹಾಗೆ ಪೆನ್ನು ತೆಗೆದರು. ಮಾವ ಎದ್ದು ನಿಂತರು.

"ಮಗೂದು ಏನೂ ತಪ್ಪಿಲ್ಲ ಸಾಹೇಬರೇ. ನಾನು ಬೇಕೂ ಅಂತಲೇ ಸೇರಿಸಲಿಲ್ಲ. ದನಕ್ಕೆ ಲಕ್ಷ, ಮನುಷ್ಯರಿಗೆ ನೂರು ಅಂದರೆ ಮರ್ಯಾದೆ ಅಲ್ಲ ಅಂತ."

ಸಾಹೇಬರು ಪೆನ್ನು ಎತ್ತಿ ಹಿಡಿದೇ ಯೋಚಿಸಿದರು. "ಇದನ್ನ ಯಾವ ಕಾಲಮಿನಲ್ಲಿ ಬರೀಲಿ?"

"ಮರ್ಯಾದೆ ಅಂತ ಕಾಲಮು ಇದೆಯಾ?"

"ಇಲ್ಲ."

"ಹಾಗಾದರೆ 'ಇತರೆ'ಯಲ್ಲಿ ಬರೀರಿ."

"ಯಾರಾದರೂ ಹೇಳಿಕೊಟ್ಟರಾ ನಿಮಗೆ?"

ನಾನು ಗೋಡೆಯ ಕಡೆ ನೋಡಿದೆ. ಗೋಡೆಯ ಮೇಲೆ ಕೈ ತೊಳೆಯುವ ವಿಧಾನ ಚಿತ್ರಸಹಿತ ಇತ್ತು. ಮಾವ, "ಯಾರೂ ಇಲ್ಲ" ಅಂದರು.

ತೀರ್ಪು ಹೀಗಾಯಿತು: ಬದುಕಿರುವವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಕೇಳಿ ಮತ್ತೆ ಬರೆಯಬೇಕು. ಸತ್ತವರನ್ನು ಕೇಳಲಾಗುವುದಿಲ್ಲವಾದ್ದರಿಂದ ಅವರ ಫೈಲು ಬರೆಯುವ ಅಗತ್ಯವಿಲ್ಲ. ಖಾಲಿ ಉಳಿದ ಫೈಲುಗಳನ್ನು ಮುಂದಿನ ತಿಂಗಳ ಒಂದನೇ ತಾರೀಕು ಯಂತ್ರ ತಾನೇ ತೆಗೆದುಹಾಕಿ, ಆ ನಂಬರುಗಳನ್ನು ಹೊಸಬರಿಗೆ ಕೊಡುತ್ತದೆ.

ಹುಡುಗಿ ಹೊರಡುವ ಮೊದಲು ದನಗಳಿಗೆಲ್ಲ ಒಂದು ಲಕ್ಷ ಸೇರಿಸಿದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಎಮ್ಮೆ ತನ್ನ ಫೈಲಿನೊಂದಿಗೆ ಲಕ್ಷದಾಚೆ ಹೋಯಿತು. ನಾನೂರ ಹದಿನೇಳರಲ್ಲಿ ಅತ್ತೆಯ ಹೆಸರು, ಕೆಳಗೆ ಬಿಳಿ.

"ಒಂದೇ ಒಂದು ಸಾಲು ಇದ್ದರೂ ಯಂತ್ರ ತೆಗೆಯಲ್ಲ ಸಾರ್," ಅಂತ ಅವಳು ಮೆಲ್ಲಗೆ ಹೇಳಿದಳು. "ನಿಮಗೆ ನೆನಪಿರೋದು ಏನಾದರೂ ಬರೀರಿ."

"ನೆನಪಿರೋದು ದಾಖಲೆ ಅಲ್ಲಮ್ಮ. ಅವಳು ಬರೆದಿದ್ದು ಅಕ್ಷರಕ್ಕೆ ಅಕ್ಷರ ಗೊತ್ತಿದ್ದರೆ ತಾನೇ ಬರೀಬೇಕು?"

ಭಾನುವಾರ ಮಾವ ನನ್ನನ್ನು ಕರೆದುಕೊಂಡು ಲಾರಿ ಹೋದ ಕಾರ್ಖಾನೆಗೆ ಹೊರಟರು. ಎರಡು ಬಸ್ಸು ಬದಲಾಯಿಸಿ ಹೋದೆವು. ಅಂಗಳದಲ್ಲಿ ಕಾಗದದ ಗುಡ್ಡಗಳು, ಒಳಗೆ ಬೂದು ಗಂಜಿ ಕುದಿಯುವ ತೊಟ್ಟಿ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ.

"ಮೊನ್ನೆ ಶುಕ್ರವಾರ ಅಲ್ಲ, ಅದರ ಹಿಂದಿನದ್ದಾ? ಆಸ್ಪತ್ರೆ ಕಾಗದ ಅಲ್ವಾ, ನೀಲಿ ದಾರ ಕಟ್ಟಿದ್ದು? ಅಯ್ಯೋ ಯಜಮಾನರೇ, ಅದು ಮೊಟ್ಟೆ ಟ್ರೇ ಆಗಿ ನಾಲ್ಕು ದಿನ ಆಯ್ತು."

"ಮೊಟ್ಟೆ ಟ್ರೇ," ಅಂದರು ಮಾವ.

"ಮೂವತ್ತು ಮೊಟ್ಟೇದು. ಒಳ್ಳೇ ಗಟ್ಟಿ ಬಂತು. ಹಳೇ ಕಾಗದ ನೋಡಿ."

ಗೋಡೆಗೆ ಒರಗಿಸಿ ಆಳೆತ್ತರಕ್ಕೆ ಪೇರಿಸಿದ್ದರು. ಮಾವ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡತೊಡಗಿದರು. ಬೂದು ಮೈಯಲ್ಲಿ ಅಲ್ಲಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆ. ಅತ್ತೆ ಬರೆಯುತ್ತಿದ್ದದ್ದು ನೀಲಿ ಶಾಯಿಯಲ್ಲಿ; ಊರಿನ ಮುಕ್ಕಾಲು ಜನ ಬರೆಯುವುದೂ ನೀಲಿಯಲ್ಲೇ. ಇಪ್ಪತ್ತು ಮೂವತ್ತು ಟ್ರೇ ನೋಡಿದ ಮೇಲೆ ಮೇಸ್ತ್ರಿಗೆ ಏನನ್ನಿಸಿತೋ, "ಒಂದು ತಗೊಂಡು ಹೋಗಿ ಯಜಮಾನರೇ" ಅಂದ. ಮಾವ ವಾಪಸು ಬರುವಾಗ ಎರಡೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಟ್ಟಸವಾಗಿ ಹಿಡಿದುಕೊಂಡೇ ಬಂದರು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಒಂದೂ ಮೊಟ್ಟೆ ಇಲ್ಲವಲ್ಲ, ಯಾಕಿಷ್ಟು ಹುಷಾರು?" ಅಂತ ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಆಮೇಲೆ ಮಾವನಿಗೆ ಹೊಸ ಅಭ್ಯಾಸ ಹತ್ತಿತು. ಸಂಜೆ ಐದಕ್ಕೆ ಕಿಟಕಿ ಮುಚ್ಚಿ, ಬೇಲಿಯಂಚಿನಿಂದ ಒಂದು ಹಿಡಿ ಹಸಿಹುಲ್ಲು ಕಿತ್ತುಕೊಂಡು, ಕಂಕುಳಲ್ಲಿ ಒಂದು ರಿಜಿಸ್ಟರು ಸಿಕ್ಕಿಸಿಕೊಂಡು ಬುಟ್ಟಿಯಮ್ಮನ ಕೊಟ್ಟಿಗೆಗೆ ಹೋಗುವುದು. ಬುಟ್ಟಿಯಮ್ಮ ಬುಟ್ಟಿ ಹೆಣೆದು ಬದುಕುವ ಒಂಟಿ ಹೆಂಗಸು.

"ಏನು ಮಾವ ಬಂದಿರಿ?"

"ದಾಖಲೆ ಪರಿಶೀಲನೆ. ಮೇವು ತಿಂತಿದೆಯಾ?"

"ಈಗ ಒಂಚೂರು ತಿಂತಿದೆ."

"ಬಾಗಿಲ ಕಡೆ ನೋಡುತ್ತಾ?"

"ಇನ್ನೂ ನೋಡುತ್ತೆ ಮಾವ."

ಮಾವ ಅದನ್ನು ಬರೆದುಕೊಳ್ಳುವರು. ಎಮ್ಮೆಯ ಮುಂದೆ ಹುಲ್ಲು ಇಟ್ಟು, ಒಂದು ಕಲ್ಲಿನ ಮೇಲೆ ಕೂತು, ಕತ್ತಲಾಗುವ ಮೊದಲು ಎದ್ದುಹೋಗುವರು. ಊರು ಎಂಟು ದಿನ ಸುಮ್ಮನಿತ್ತು. ಒಂಬತ್ತನೇ ದಿನ ಅಧ್ಯಕ್ಷರ ಹೆಂಡತಿ ಬಸ್ಸು ಹತ್ತಿ, ಟಿಕೆಟು ತಗೊಳ್ಳುತ್ತ, ಚಿಲ್ಲರೆಯ ಜೊತೆಗೆ ಸುದ್ದಿಯನ್ನೂ ಮಾವನ ಮಗಳ ಕೈಗೆ ಹಾಕಿದರು.

ಮಧ್ಯಾಹ್ನ ಬಸ್ಸು ಬಂದು ನಿಂತ ರಭಸಕ್ಕೆ ಧೂಳೆದ್ದಿತು. ಮಗಳು ಟಿಕೆಟಿನ ಯಂತ್ರ ಕೊರಳಲ್ಲಿ ನೇತುಹಾಕಿಕೊಂಡೇ ಬಂದಳು. ಹಿಂದಿನ ಸೀಟಿಗೂ ಕೇಳಿಸುವ ಹಾಗೆ ಕೂಗಿ ಕೂಗಿ ಪಳಗಿದ ಗಂಟಲು.

"ಅಪ್ಪಾ! ದಿನಾ ಸಂಜೆ ಬುಟ್ಟಿಯಮ್ಮನ ಮನೆಗೆ ಹೋಗ್ತೀಯಂತೆ!"

ಬಸ್ಸಿನ ಈ ಕಡೆಯ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು. ಆ ಕಡೆ ಕೂತವರು ಎದ್ದು ಈ ಕಡೆ ಬಂದರು. ಬಸ್ಸು ಸ್ವಲ್ಪ ವಾಲಿತು.

"ನಾನು ಬುಟ್ಟಿಯಮ್ಮನ್ನ ನೋಡೋಕೆ ಹೋಗಲ್ಲಮ್ಮ."

"ಮತ್ತೆ?"

"ಎಮ್ಮೆ ನೋಡೋಕೆ."

"ಎಮ್ಮೆಯಂತೆ," ಎಂದು ಮುಂದಿನ ಸೀಟಿನವರು ಹಿಂದಿನವರಿಗೆ ದಾಟಿಸಿದರು. ಡ್ರೈವರು ಹಾರ್ನು ಹೊಡೆದ.

"ಸುಳ್ಳಾದರೂ ನಂಬೋ ಥರ ಹೇಳಪ್ಪ! ಅಮ್ಮ ಹೋಗಿ ಇನ್ನೂ ಎರಡು ವರ್ಷ…"

"ಆ ಎಮ್ಮೆಗೆ ನಿಮ್ಮಮ್ಮನ ನಂಬರು ಇತ್ತು," ಅಂದರು ಮಾವ. "ಅವಳು ಬರೆದಿದ್ದೆಲ್ಲ ಹೋಯ್ತು. ಅವಳ ಹೆಸರಿನ ಕೆಳಗೆ ಕೊನೇದಾಗಿ ಇದ್ದದ್ದು ಆ ಎಮ್ಮೆ ಒಂದೇ. ಅದಾದರೂ ಮೇವು ತಿನ್ನಲಿ ಅಂತ."

ಮಗಳ ದನಿ ಮೊದಲ ಸಲ ಇಳಿಯಿತು. "ಅಮ್ಮ ಬರೆದಿದ್ದಾ? ಏನು ಬರೆದಿದ್ದು?"

ಮಾವ ಕಾರ್ಖಾನೆಯಿಂದ ತಂದು ಮೇಜಿನ ಮೇಲಿಟ್ಟುಕೊಂಡಿದ್ದ ಮೊಟ್ಟೆ ಟ್ರೇಯ ಗುಳಿಗಳಲ್ಲಿದ್ದ ಗುಂಡುಪಿನ್ನುಗಳನ್ನು ಸರಿಮಾಡುತ್ತ ಹೇಳಿದರು. ಹನ್ನೊಂದು ತಿಂಗಳು, ದಿನಕ್ಕೊಂದು ಸಾಲು.

"ಎರಡು ವರ್ಷ," ಅಂದಳು ಅವಳು. "ಎರಡು ವರ್ಷ ದಿನಾ ಈ ಕಿಟಕಿ ಮುಂದೆ ನಿಂತು ಹೋಗಿದೀನಿ. ಒಂದು ದಿನ ನನಗೆ ತೋರಿಸಬಾರದಿತ್ತಾ ಅಪ್ಪ?"

"ರೋಗಿಯ ಫೈಲು ಇನ್ನೊಬ್ಬರಿಗೆ ತೋರಿಸೋ ಹಾಗಿಲ್ಲಮ್ಮ."

"ನಾನು ಇನ್ನೊಬ್ಬಳಾ?"

ಡ್ರೈವರು ಮತ್ತೆ ಹಾರ್ನು ಹೊಡೆದ. ಅವಳು ತಿರುಗಿ ನೋಡದೆ ಹತ್ತಿಕೊಂಡಳು. ಸೀಟಿಯ ಸದ್ದು ನಡುಗಿತು. ಕಿಟಕಿಗಳಲ್ಲಿದ್ದ ತಲೆಗಳು ಒಂದೊಂದಾಗಿ ಒಳಗೆ ಹೋದವು.

ಅಲ್ಲಿಂದ ಮುಂದೆ ಬಸ್ಸು ದಿನಾ ನಿಂತಿತು, ಅವಳು ಇಳಿಯಲಿಲ್ಲ. ಮಾವ ಆ ಹತ್ತು ನಿಮಿಷ ಒಂದೇ ಬೆರಳಿನಲ್ಲಿ ಬದುಕಿರುವವರ ಫೈಲು ಬರೆಯುತ್ತಿದ್ದರು. ಕಮ್ಮಾರನ ಅಜೀರ್ಣ, ಮೇಡಂ ಬೆನ್ನುನೋವು. ಸಂಜೆ ನಾನೂರ ಹದಿನೇಳು ತೆರೆದು ಒಂದು ಬೆರಳು ಎತ್ತುವರು, ಇಳಿಸದೆ ಮುಚ್ಚುವರು.

ತಿಂಗಳ ಕೊನೇ ದಿನ ಮಧ್ಯಾಹ್ನ ಬಸ್ಸು ಬಂತು. ಅವಳು ಇಳಿದಳು. ಕಿಟಕಿಯಲ್ಲಿ ನಿಲ್ಲದೆ ನೇರ ಒಳಗೆ ಬಂದು, ಅಪ್ಪನ ಕುರ್ಚಿಯಲ್ಲೇ ಕೂತು ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಹುಡುಗಿ ಅವಳಿಗೆ ಫೋನು ಮಾಡಿದ್ದಳಂತೆ.

"ನಾಳೆಗೆ ಹೋಗುತ್ತಂತಲ್ಲ. ಹೇಳು. ನಾನು ಹೊಡೀತೀನಿ."

ಮಾವ ನಿಂತುಕೊಂಡೇ ಕಣ್ಣು ಮುಚ್ಚಿದರು. "ಇವತ್ತು ಕೆಮ್ಮು ಕಡಿಮೆ. ಮೊಟ್ಟೆ ಎರಡು… ಅಲ್ಲ. ಮೂರು ಅಂತಿತ್ತಾ? ತಡಿ, ಅದನ್ನ ಹೊಡೀಬೇಡ."

"ಎರಡೋ ಮೂರೋ ಯಾವುದಾದರೂ ಹಾಕಿಬಿಡಿ ಮಾವ," ಅಂದೆ ನಾನು. "ಯಾರು ಬಂದು ಕೇಳ್ತಾರೆ?"

ಮಾವ ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ.

"ಒಂದು ಸಲ ನಿಮ್ಮ ಮಾತು ಕೇಳಿದೀನಿ ಕಂಪೌಂಡರೇ."

ನಾನು ಮಾತ್ರೆ ಡಬ್ಬಿಯ ಮುಚ್ಚಳ ಹಾಕಿದೆ. ಅದು ಹಾಕಿಯೇ ಇತ್ತು.

"ಒಂದೇ ಸಾಲು ನನಗೆ ಅಕ್ಷರ ತಪ್ಪದೆ ಗೊತ್ತಿರೋದು," ಅಂದರು ಮಾವ ಮಗಳಿಗೆ. "ಏಳನೇ ಹಾಳೆಯ ಕೊನೇ ಸಾಲು. ಅದನ್ನ ನಿನಗೆ ಹೇಳೋಕೆ ಇಷ್ಟು ದಿನ ಆಗಲಿಲ್ಲ."

"ಹೇಳಪ್ಪ."

ಮಾವ ಕಿಟಕಿಯ ಸರಳು ಹಿಡಿದುಕೊಂಡು, ಹೊರಗೆ ಜನ ಸಾಲು ನಿಲ್ಲುವ ಜಾಗವನ್ನು ನೋಡುತ್ತ, ಚೀಟಿ ಓದುವವರ ದನಿಯಲ್ಲಿ ಓದಿದರು:

"ಮಲಗಿದರೆ ಉಸಿರು ಸಿಕ್ಕುವುದಿಲ್ಲ ಡಾಕ್ಟರೇ, ನೋವು ತಡೆಯಲಾಗುವುದಿಲ್ಲ. ಕಿಟಕಿಯಲ್ಲಿ ಕೂತವರಿಗೆ ಹೇಳಬೇಡಿ. ಅವರು ಫೈಲು ಓದುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ."

ಮಗಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಆಮೇಲೆ ಒಂದೊಂದೇ ಅಕ್ಷರ ಒತ್ತಿದವು. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಬಸ್ಸಿನ ಕಿಟಕಿಗಳಲ್ಲಿ ತಲೆಗಳಿದ್ದವು; ಯಾರೂ ಏನೂ ದಾಟಿಸಲಿಲ್ಲ. ಡ್ರೈವರು ಹಾರ್ನಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ, ಹೊಡೆಯಲಿಲ್ಲ.

ಸಾಲು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು, "ಮೊಟ್ಟೇದೂ ಹಾಕ್ತೀನಿ ಅಪ್ಪ. ಅದೂ ಅಮ್ಮಂದೇ" ಅಂದಳು.

"ಹಾಕು. ಎಷ್ಟು ಅನ್ನೋ ಕಡೆ ಜಾಗ ಬಿಡು."

"ಎಷ್ಟು ಜಾಗ ಬಿಡಲಿ?"

ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಒಂದು ಅಂಕಿಯಷ್ಟು ಬಿಡು, ಸಾಕು. ನಮ್ಮನೇಲಿ ಇದ್ದದ್ದು ನಾಲ್ಕೇ ಕೋಳಿ."